ಅಪ್‌ಡೇಟ್: ಅಜ್ಜನ ಫೋಟೋದಲ್ಲಿದ್ದ ಗೋಪುರ ಸಿಕ್ಕಿತು

ಬಂಡೆಯ ಮೇಲೆ ಅಜ್ಜ ನಿಂತಿರುವ ಕಪ್ಪು-ಬಿಳುಪು ಫೋಟೋದಲ್ಲಿ ಹಿಂದೆ ಕಾಣುವ ಪುಟ್ಟ ಗೋಪುರ ಬೆಂಗಳೂರಿನ ಯಾವ ಭಾಗದ್ದೆಂದು ಕಳೆದ ತಿಂಗಳು ಕೇಳಿದ್ದೆ. ಹಲಸೂರಿನದು, ಮೇಖ್ರಿ ವೃತ್ತದ್ದು, ಕೆಂಪಾಂಬುಧಿ ಕೆರೆಯದು ಎಂದೆಲ್ಲ ಊಹೆಗಳು ಬಂದವು. ಭಾನುವಾರ ಫೋಟೋದ ಪ್ರತಿ ಹಿಡಿದು ಲಾಲ್‌ಬಾಗಿಗೇ ಹೋದೆ. ಅಲ್ಲಿನ ಕೆಂಪೇಗೌಡ ಗೋಪುರವೇ ಅದು! ಬಂಡೆಯ ಇಳಿಜಾರು, ಬಿರುಕು ಕೂಡ ಹೊಂದಿದವು. ಬದಲಾದದ್ದು ಹಿಂದಿನ ಆಕಾಶ, ಈಗ ಅಲ್ಲೆಲ್ಲ ಕಟ್ಟಡಗಳು. ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಮುಂದೆ ನಮ್ಮ ಫೋಟೋ ಇನ್ನೂ ಹಸುಗೂಸು.

ಫೋಟೋಗೆ ಲ್ಯಾಮಿನೇಷನ್ ಮಾಡಿಸಲು ಹೊರಟಿದ್ದ ನನ್ನನ್ನು ಬೇಡವೆಂದು ತಡೆದವರಿಗೆ ಋಣಿ. ಸ್ಕ್ಯಾನ್ ಮಾಡಿಸಿ, ಮೂಲಪ್ರತಿಯನ್ನು ಕಾಗದದ ಲಕೋಟೆಯಲ್ಲಿಟ್ಟೆ. ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹೆಸರು, ಸ್ಥಳ ಬರೆದೆ. ವರ್ಷದ ಜಾಗ ಖಾಲಿಯಿದೆ. ಯುಗಾದಿಗೆ ಸೋದರತ್ತೆ ಬಂದಾಗ ಕೇಳುತ್ತೇನೆ.