ಫಜ್ಜಿ ಎಎಚ್‌ಪಿಯಲ್ಲಿ ಒಂದು ಮಾನದಂಡದ ತೂಕ ಸೊನ್ನೆ ಬರುತ್ತಿದೆ (ವರ್ಟಿಕಲ್ ಫಾರ್ಮ್ ಆಯ್ಕೆ)

ಹಸಿರುಅಟ್ಟ:
ಬೆಂಗಳೂರಿನ ಗೋದಾಮಿನಲ್ಲಿ ಲೆಟ್ಯೂಸ್ ಬೆಳೆಯಲು ಸೆನ್ಸರ್ ನಿಯಂತ್ರಣದ ವರ್ಟಿಕಲ್ ಫಾರ್ಮ್ (ಒಂದರ ಮೇಲೊಂದು ಅಟ್ಟದಲ್ಲಿ, ಮಣ್ಣಿಲ್ಲದೆ ಬೆಳೆಯುವ ವ್ಯವಸ್ಥೆ) ಹಾಕಬೇಕಿದೆ. ಆಯ್ಕೆ ಮೂರು: ಎನ್‌ಎಫ್‌ಟಿ (ಚಾನೆಲ್‌ನಲ್ಲಿ ತೆಳುವಾಗಿ ಹರಿಯುವ ಪೋಷಕ ನೀರು), ಡಿಡಬ್ಲ್ಯುಸಿ (ಬೇರು ಆಳದ ನೀರಿನಲ್ಲಿ ಮುಳುಗಿರುವುದು), ಏರೋಪೋನಿಕ್ಸ್ (ಗಾಳಿಯಲ್ಲಿ ತೂಗುವ ಬೇರಿಗೆ ನೀರು ಸಿಂಪಡಿಸುವುದು). ತೂಕಕ್ಕೆ ಚಾಂಗ್ ವಿಧಾನದ ಫಜ್ಜಿ ಎಎಚ್‌ಪಿ (ಮಾನದಂಡಗಳನ್ನು ಎರಡೆರಡಾಗಿ ಅಂದಾಜು ಅಂಕಿಯಲ್ಲಿ ಹೋಲಿಸಿ ತೂಕ ತೆಗೆಯುವ ವಿಧಾನ), ರ‍್ಯಾಂಕಿಗೆ ಫಜ್ಜಿ ಟಾಪ್ಸಿಸ್ (ಆದರ್ಶ ಆಯ್ಕೆಗೆ ಯಾವುದು ಹತ್ತಿರ ಅಂತ ಅಳೆಯುವ ವಿಧಾನ) ಬಳಸಿದ್ದೇನೆ. ಮಾನದಂಡಗಳು ವಿದ್ಯುತ್ ಖರ್ಚು, ಕರೆಂಟ್ ಹೋದಾಗ ಬೆಳೆಯ ತಾಳಿಕೆ, ನಿರ್ವಹಣೆ. ಮೊದಲನೆಯದು ಎರಡನೆಯದಕ್ಕಿಂತ ಎಷ್ಟು ಪಟ್ಟು ಮುಖ್ಯ ಎಂಬ ಹೋಲಿಕೆ (ಕನಿಷ್ಠ, ನಡುವಿನ, ಗರಿಷ್ಠ ಅಂದಾಜು) ಹೀಗಿದೆ:

ವಿದ್ಯುತ್–ತಾಳಿಕೆ (2, 3, 4)
ವಿದ್ಯುತ್–ನಿರ್ವಹಣೆ (4, 5, 6)
ತಾಳಿಕೆ–ನಿರ್ವಹಣೆ (1, 2, 3)

ಬಂದ ತೂಕ 0.95, 0.05, 0. ಸಿಆರ್ (ಹೋಲಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬ ಅಳತೆ) 0.1ರ ಒಳಗೇ ಇದೆ. ನಿರ್ವಹಣೆ ಲೆಕ್ಕಕ್ಕೇ ಇಲ್ಲ ಅಂತ ಯಾರೂ ಹೇಳಿಲ್ಲ, ಆದರೂ ಸೊನ್ನೆ ಯಾಕೆ?

ಲೆಕ್ಕದಮನೆ:
ನಿಮ್ಮ ಹೋಲಿಕೆಗಳು ಸರಿಯಾಗಿವೆ, ತೊಂದರೆ ವಿಧಾನದ್ದು. ಚಾಂಗ್ (1996) ಕೇಳುವುದು "ಇದು ಅದಕ್ಕಿಂತ ದೊಡ್ಡದಾಗಿರುವ ಸಾಧ್ಯತೆ ಎಷ್ಟು" ಅಂತ. ನಿಮ್ಮ ಲೆಕ್ಕದಲ್ಲಿ ವಿದ್ಯುತ್ತಿನ ತ್ರಿಕೋನ (ಮೂರು ಅಂಕಿಯ ಅಂದಾಜಿನ ವ್ಯಾಪ್ತಿ) 0.39ರಿಂದ ಶುರುವಾಗುತ್ತದೆ, ನಿರ್ವಹಣೆಯದು 0.21ಕ್ಕೇ ಮುಗಿಯುತ್ತದೆ. ಎರಡೂ ಎಲ್ಲೂ ತಾಗುವುದಿಲ್ಲ, ಹಾಗಾಗಿ ಸಾಧ್ಯತೆ ಸೊನ್ನೆ. ಆ ಸಾಧ್ಯತೆಯನ್ನೇ ತೂಕ ಅಂತ ತೆಗೆದುಕೊಂಡಿದ್ದರಿಂದ ಹೀಗಾಗಿದೆ. ಮಹತ್ವ ಕಡಿಮೆ ಇರುವುದೂ ಮಹತ್ವವೇ ಇಲ್ಲದಿರುವುದೂ ಒಂದೇ ಅಲ್ಲ.

ಬಕ್ಲಿ (1985) ವಿಧಾನ ಹಿಡಿಯಿರಿ. ಪ್ರತಿ ಸಾಲಿನ ಗುಣೋತ್ತರ ಮಾಧ್ಯ ತೆಗೆಯಬೇಕು. ವಿದ್ಯುತ್ ಸಾಲಿಗೆ 1×2×4, 1×3×5, 1×4×6ರ ಘನಮೂಲ: (2.00, 2.47, 2.88). ತಾಳಿಕೆಗೆ (0.63, 0.87, 1.14), ನಿರ್ವಹಣೆಗೆ (0.38, 0.46, 0.63). ಒಟ್ಟು (3.01, 3.80, 4.65). ಭಾಗಿಸುವಾಗ ಮೊದಲ (ಚಿಕ್ಕ) ಅಂಕಿಯನ್ನು ಒಟ್ಟಿನ ಕೊನೆಯ (ದೊಡ್ಡ) ಅಂಕಿಯಿಂದ, ಕೊನೆಯದನ್ನು ಒಟ್ಟಿನ ಮೊದಲಿನದರಿಂದ, ನಡುವಿನದನ್ನು ನಡುವಿನದರಿಂದ ಭಾಗಿಸಿ. ಎಕ್ಸೆಲ್‌ನಲ್ಲಿ ಬಹಳ ಜನ ಇಲ್ಲೇ ಎಡವುತ್ತಾರೆ. ವಿದ್ಯುತ್ (0.43, 0.65, 0.96) ಬರುತ್ತದೆ. ಮೂರರ ಸರಾಸರಿ ತೆಗೆದು, ಒಟ್ಟು 1 ಆಗುವಂತೆ ಹೊಂದಿಸಿದರೆ 0.64, 0.23, 0.13.

ನೀರುಬೇರು:
ತೂಕ ಸರಿಹೋದರೂ ವಿದ್ಯುತ್ ಮಾನದಂಡವನ್ನೇ ಇನ್ನೊಮ್ಮೆ ನೋಡಬೇಕು. ಚದರ ಮೀಟರಿಗೆ ಸೆಕೆಂಡಿಗೆ 200 ಮೈಕ್ರೋಮೋಲ್ ಬೆಳಕು, ದಿನಕ್ಕೆ 16 ಗಂಟೆ, ಎಲ್‌ಇಡಿ ದಕ್ಷತೆ ಜೂಲ್‌ಗೆ 2.5 ಮೈಕ್ರೋಮೋಲ್ ಅಂತಿಟ್ಟುಕೊಂಡರೆ ಚದರ ಮೀಟರಿಗೆ 80 ವ್ಯಾಟ್, ದಿನಕ್ಕೆ 1.28 ಯೂನಿಟ್. ಈ ಖರ್ಚು ಮೂರಕ್ಕೂ ಒಂದೇ. ವ್ಯತ್ಯಾಸ ಇರುವುದು ಪಂಪು, ಏರ್ ಪಂಪು, ಚಿಲ್ಲರ್‌ನಲ್ಲಿ ಮಾತ್ರ. ಬೆಳಕನ್ನೂ ಸೇರಿಸಿ ಒಂದೇ ಅಂಕಿ ಹಾಕಿದರೆ ಮೂರೂ ಸರಿಸುಮಾರು ಒಂದೇ ಆಗಿ, 0.64 ತೂಕ ಯಾವುದನ್ನೂ ಬೇರ್ಪಡಿಸದೆ ವ್ಯರ್ಥವಾಗುತ್ತದೆ. ಬೆಳಕು ಬಿಟ್ಟು ಉಳಿದದ್ದನ್ನು ಹೋಲಿಸಿ. ಆಗ ಮಾನದಂಡದ ಅರ್ಥವೇ ಬದಲಾಗುವುದರಿಂದ ಜೋಡಿ ಹೋಲಿಕೆಯನ್ನೂ ಹೊಸದಾಗಿ ಕೇಳಬೇಕು.

ಇನ್ನು ತಾಳಿಕೆ. ಟಾಪ್ಸಿಸ್ ಒಂದರ ಕೊರತೆಯನ್ನು ಇನ್ನೊಂದರ ಲಾಭದಿಂದ ಮುಚ್ಚಿಬಿಡುತ್ತದೆ. ಏರೋಪೋನಿಕ್ಸ್‌ನಲ್ಲಿ ಬೇರು ಗಾಳಿಯಲ್ಲಿ ತೂಗುತ್ತಿರುತ್ತದೆ. ಸಿಂಪಡಣೆ ನಿಂತರೆ ಎಲೆ ಬೇಗನೆ ಬಾಡುತ್ತದೆ, ನಾಜಲ್ ಕಟ್ಟಿಕೊಂಡರೂ ಅದೇ ಗತಿ. ಎನ್‌ಎಫ್‌ಟಿಯಲ್ಲಿ ಚಾನೆಲ್‌ನ ತೆಳು ನೀರು ಹರಿದುಹೋಗುತ್ತದೆ. ಡಿಡಬ್ಲ್ಯುಸಿಯಲ್ಲಿ ಬೇರು ನೀರಲ್ಲೇ ಇರುವುದರಿಂದ ಆಮ್ಲಜನಕ ಇಳಿಯುವವರೆಗೆ ಸಮಯ ಸಿಗುತ್ತದೆ. ಸತ್ತ ಬೆಳೆಯನ್ನು ಕಡಿಮೆ ಬಿಲ್ಲು ಬದುಕಿಸುವುದಿಲ್ಲ. ಆದ್ದರಿಂದ ಇದನ್ನು ತೂಕದ ಪಟ್ಟಿಯಿಂದ ತೆಗೆದು ಮೊದಲ ಜರಡಿ ಮಾಡಿ: ನಿಮ್ಮ ಕಡೆಯ ಅತಿ ಉದ್ದದ ಪವರ್ ಕಟ್‌ನಷ್ಟು ಹೊತ್ತು ಪಂಪಿಗೆ ಯುಪಿಎಸ್ ಕೊಡಲಾಗದ ಆಯ್ಕೆ ಪಟ್ಟಿಯಲ್ಲೇ ಬೇಡ.

ಹಸಿರುಅಟ್ಟ:
ಬಕ್ಲಿಯಲ್ಲಿ ತೂಕ ಸರಿ ಬಂತು, ಥ್ಯಾಂಕ್ಸ್ ಸರ್. ಏರೋಪೋನಿಕ್ಸ್ ಕೈಬಿಟ್ಟರೆ ಉಳಿದೆರಡರ ಕ್ರಮ ಅದಲುಬದಲು ಆಗಬಹುದೇ?

ಲೆಕ್ಕದಮನೆ:
ಆಗಬಹುದು. ಪ್ರತಿ ಕಾಲಮ್ಮನ್ನು ಪಟ್ಟಿಯಲ್ಲಿರುವ ಗರಿಷ್ಠ ಅಥವಾ ಕನಿಷ್ಠ ಅಂಕಿಗೆ ಹೋಲಿಸಿ ಸಾಮಾನ್ಯೀಕರಿಸುತ್ತೀರಿ. ಆ ಅಂಕಿ ಏರೋಪೋನಿಕ್ಸ್‌ನದ್ದಾಗಿದ್ದರೆ ಅದು ಹೋದಕೂಡಲೇ ಅಳತೆಗೋಲೇ ಬದಲಾಗುತ್ತದೆ. ಎಲ್ಲವನ್ನೂ 0–10ರ ಸ್ಥಿರ ಅಳತೆಗೆ ತಂದು 10ರಿಂದ ಭಾಗಿಸಿ, ಅತ್ಯುತ್ತಮ ಬಿಂದುವನ್ನು (1,1,1), ಅತಿ ಕಳಪೆ ಬಿಂದುವನ್ನು (0,0,0) ಅಂತಲೇ ಇಟ್ಟುಕೊಳ್ಳಿ. ನಂತರ ಒಂದೊಂದೇ ತೂಕವನ್ನು ಶೇ 20ರಷ್ಟು ಮೇಲೆ ಕೆಳಗೆ ಮಾಡಿ ನೋಡಿ. ಕ್ರಮ ಅಲುಗಾಡಿದರೆ ಎರಡೂ ಸಮ ಎಂದೇ ವರದಿಯಲ್ಲಿ ಬರೆಯಿರಿ.

ನೀರುಬೇರು:
ಸೆನ್ಸರ್ ತಪ್ಪು ಹೇಳಿದರೆ ಏನಾಗುತ್ತದೆ ಅನ್ನುವುದನ್ನೂ ಸೇರಿಸಿ. ನೀರಿನ ಆಮ್ಲೀಯತೆ ಅಳೆಯುವ ಪಿಎಚ್ ಪ್ರೋಬ್‌ನ ರೀಡಿಂಗ್ ನಿಧಾನಕ್ಕೆ ನಿಜವಾದ ಅಂಕಿಯಿಂದ ದೂರ ಸರಿಯುತ್ತದೆ. ಅದು ಬೇಕಾದ್ದಕ್ಕಿಂತ ಹೆಚ್ಚಾದ 7 ತೋರಿಸುತ್ತಾ ಕೂತರೆ ಡೋಸಿಂಗ್ ಪಂಪು ಆಸಿಡ್ ಸುರಿಯುತ್ತಲೇ ಇರುತ್ತದೆ. ಗಂಟೆಗೆ ಇಂತಿಷ್ಟೇ ಎಂಬ ಮಿತಿ ಕಂಟ್ರೋಲರ್‌ನಲ್ಲಿ ಹಾಕಲು ಬರುತ್ತದೆಯೇ, ಪಿಎಚ್ 4 ಮತ್ತು 7ರ ಬಫರಿನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ) ಕ್ಯಾಲಿಬ್ರೇಟ್ ಮಾಡಲು ಪ್ರೋಬ್ ಸುಲಭವಾಗಿ ಕೈಗೆ ಸಿಗುತ್ತದೆಯೇ ಅಂತ ಮಾರುವವರನ್ನು ಕೇಳಿ. ಎನ್‌ಎಫ್‌ಟಿಯಲ್ಲಿ ಟ್ಯಾಂಕ್ ಚಿಕ್ಕದಿದ್ದರೆ ಈ ಏರುಪೇರು ಇನ್ನೂ ಜೋರು.