ಪ್ರತಿಗಾಮಿಗಳ ಕೈಗೆ ಅಧಿಕಾರ ಸಿಕ್ಕಾಗ: ಫ್ರಾನ್ಸ್, 1815–1830

ತುಂಗಾತೀರ: ಕ್ರಾಂತಿ ತಂದದ್ದನ್ನು ಅಳಿಸಿ ಹಳೆಯ ವ್ಯವಸ್ಥೆ ಮರಳಬೇಕೆನ್ನುವ ಪ್ರತಿಗಾಮಿ ಚಿಂತನೆಯನ್ನು ಬೈಯುವವರಲ್ಲಿ ಹೆಚ್ಚಿನವರು ಅದನ್ನು ಓದಿರುವುದಿಲ್ಲ. ಫ್ರೆಂಚ್ ಕ್ರಾಂತಿಯನ್ನು ವಿರೋಧಿಸಿದ ಚಿಂತಕ ಜೋಸೆಫ್ ದ ಮೇಸ್ತ್ರ್ 1797ರಲ್ಲಿ ‘ಫ್ರಾನ್ಸ್ ಕುರಿತ ಚಿಂತನೆಗಳು’ ಪುಸ್ತಕದಲ್ಲಿ ಇಟ್ಟ ವಾದ ಗಟ್ಟಿಯಾಗಿದೆ. ಫ್ರಾನ್ಸಿನ 1795ರ ಸಂವಿಧಾನವನ್ನು ‘ಮನುಷ್ಯ’ನಿಗಾಗಿ ಬರೆಯಲಾಗಿದೆ, ಆದರೆ ಕಣ್ಣಿಗೆ ಕಾಣುವವರು ಫ್ರೆಂಚರು, ಇಟಲಿಯವರು, ರಷ್ಯನ್ನರು, ಬರೀ ಮನುಷ್ಯ ಎಂಬವನು ಎಲ್ಲೂ ಇಲ್ಲ ಅಂದ. ಕ್ರಾಂತಿಯ ಮೂರು ಸಭೆಗಳು ಸೇರಿ 15,479 ಕಾನೂನು ಮಾಡಿದ್ದವು ಎಂದು ಲೆಕ್ಕ ಕೊಟ್ಟ. ಅವನ ಪ್ರಕಾರ ರಾಜ್ಯವ್ಯವಸ್ಥೆ ತಲೆಮಾರುಗಳ ರೂಢಿ, ಧರ್ಮ, ವಿಧೇಯತೆಯಿಂದ ಬೆಳೆಯುತ್ತದೆ, ಒಂದು ಸಭೆ ಕೂತು ಬರೆದರೆ ಹುಟ್ಟುವುದಿಲ್ಲ. ಇದರಲ್ಲಿ ತಪ್ಪೆಲ್ಲಿದೆ, ಹೇಳಿ.

ರಾಜನೀತಿ ವಿದ್ಯಾರ್ಥಿ: ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಅಮೆರಿಕದವರು ಹೊಸ ರಾಜಧಾನಿಯನ್ನು ಯೋಜನೆ ಹಾಕಿ ಕಟ್ಟಲು ಹೊರಟಿದ್ದರಲ್ಲ, ಆ ಊರು ಏಳುವುದಿಲ್ಲ, ಇಲ್ಲವೇ ಅದಕ್ಕೆ ವಾಷಿಂಗ್ಟನ್ ಎಂಬ ಹೆಸರು ಉಳಿಯುವುದಿಲ್ಲ, ಇಲ್ಲವೇ ಕಾಂಗ್ರೆಸ್ ಅಲ್ಲಿ ಕೂರುವುದಿಲ್ಲ. ಸಾವಿರಕ್ಕೆ ಒಂದರಂತೆ ಪಣ ಕಟ್ಟಬಹುದು ಅಂದಿದ್ದ. 1800ರ ನವೆಂಬರಿನಲ್ಲಿ ಕಾಂಗ್ರೆಸ್ ಅಲ್ಲೇ ಸೇರಿತು. ಅವನ ಸಿದ್ಧಾಂತವನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದ ಭವಿಷ್ಯ ಇದು, ಮೂರೇ ವರ್ಷದಲ್ಲಿ ಬಿದ್ದುಹೋಯಿತು.

ತುಂಗಾತೀರ: ಒಂದು ಊರಿನ ಬಗ್ಗೆ ಹೇಳಿದ್ದು ಹುಸಿಯಾದರೆ ಇಡೀ ವಾದ ಬೀಳುತ್ತದೆಯೇ ಸರ್? ರೂಢಿಯ ಬಲದ ಮಾತನ್ನು ನೀವು ಮುಟ್ಟಲೇ ಇಲ್ಲ.

ಇತಿಹಾಸಪ್ರಿಯೆ: ಹಾಗಾದರೆ ಆಡಳಿತದ ದಾಖಲೆಯನ್ನೇ ನೋಡೋಣ. ಕ್ರಾಂತಿಯಲ್ಲಿ ಸಿಂಹಾಸನ ಕಳೆದುಕೊಂಡಿದ್ದ ಬೂರ್ಬೋನ್ ವಂಶದ ರಾಜರು ಮರಳಿ ಬಂದ ಮೇಲೆ ಕಟ್ಟಾ ರಾಜನಿಷ್ಠರಿಗೆ ಹದಿನೈದು ವರ್ಷದಲ್ಲಿ ಎರಡು ಸಲ ಒಳ್ಳೆಯ ಅವಕಾಶ ಸಿಕ್ಕಿತು. ಕ್ರಾಂತಿಯಲ್ಲಿ ದೇಶ ಬಿಟ್ಟು ಓಡಿದ ಕುಲೀನರ ಜಮೀನು ಸರ್ಕಾರದ ಮೂಲಕ ಮಾರಾಟವಾಗಿತ್ತು. ವಾಪಸ್ ಕೊಡಿಸುವಂತಿರಲಿಲ್ಲ, ಏಕೆಂದರೆ 1814ರ ಸನದಿನ, ಅಂದರೆ ರಾಜನೇ ಬರೆದುಕೊಟ್ಟ ಸಂವಿಧಾನದ, 9ನೇ ವಿಧಿ ಕೊಂಡವರ ಹಕ್ಕನ್ನು ಕಾಪಾಡಿತ್ತು. ಆದ್ದರಿಂದ 1825ರಲ್ಲಿ ಪರಿಹಾರದ ಕಾನೂನು ತಂದರು: ವರ್ಷಕ್ಕೆ 3 ಕೋಟಿ ಫ್ರಾಂಕ್ ಬಡ್ಡಿ ಕೊಡುವ ಶೇ. 3ರ ಸರ್ಕಾರಿ ಸಾಲಪತ್ರಗಳು, ಮುಖಬೆಲೆಯಲ್ಲಿ 100 ಕೋಟಿ. ಆ ಭಾರ ಹೊರಲು ಹಳೆಯ ಶೇ. 5ರ ಪತ್ರ ಹಿಡಿದವರು ಸುಮಾರು ಶೇ. 4ಕ್ಕೆ ಇಳಿಯಬೇಕು ಎಂದರು. 1824ರಲ್ಲಿ ಇದನ್ನು ಕಡ್ಡಾಯ ಮಾಡಹೊರಟಾಗ ಮೇಲ್ಮನೆಯೇ ತಿರಸ್ಕರಿಸಿತ್ತು, ಮರುವರ್ಷ ಐಚ್ಛಿಕವಾಗಿ ತಂದರು. ಬಡ್ಡಿಯ ಮೇಲೆ ಬದುಕುತ್ತಿದ್ದ ಪ್ಯಾರಿಸಿನ ಮಧ್ಯಮವರ್ಗ ತಿರುಗಿಬಿದ್ದದ್ದು ಇಲ್ಲಿಂದ. ಹಳೆಯ ಶ್ರೇಣಿಯನ್ನು ಎತ್ತಿಹಿಡಿಯಲು ಷೇರುಪೇಟೆಯ ಉಪಕರಣವೇ ಬೇಕಾಯಿತು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು 1826ರ ಹಿರಿಮಗನ ಹಕ್ಕಿನ ಮಸೂದೆ. 300 ಫ್ರಾಂಕ್ ಅಥವಾ ಹೆಚ್ಚು ಭೂಕಂದಾಯ ಕಟ್ಟುವ ಮನೆಗಳಲ್ಲಿ, ತಂದೆ ಉಯಿಲು ಬರೆಯದೆ ಸತ್ತರೆ, ಮಕ್ಕಳಿಗೆ ಸಮವಾಗಿ ಹಂಚಲೇಬೇಕಾದ ಭಾಗ ಬಿಟ್ಟು ಅವನು ತನ್ನಿಷ್ಟದಂತೆ ಕೊಡಬಹುದಾಗಿದ್ದ ಪಾಲು ಹಿರಿಮಗನಿಗೆ. ಗಮನಿಸಿ, ಉಯಿಲು ಬರೆದು ಹಿರಿಯನಿಗೆ ಹೆಚ್ಚು ಕೊಡುವ ದಾರಿ ಮೊದಲೇ ಇತ್ತು. ತಂದೆಯರೇ ಬರೆಯುತ್ತಿರಲಿಲ್ಲ. ರೂಢಿ ಸತ್ತಿದ್ದ ಮನೆಗಳಲ್ಲಿ ಶಾಸನದಿಂದ ಅದನ್ನು ಎಬ್ಬಿಸಲು ನೋಡಿದರು. ಮೇಲ್ಮನೆಯಲ್ಲಿ 120–94ರಿಂದ ಬಿತ್ತು, ಪ್ಯಾರಿಸಿನಲ್ಲಿ ಜನ ದೀಪ ಹಚ್ಚಿ ಸಂಭ್ರಮಿಸಿದರು. ರೂಢಿಯ ಬಲವನ್ನು ನಂಬುವುದಾದರೆ, ಅಷ್ಟರಲ್ಲಿ ಸಮಪಾಲೇ ರೂಢಿಯಾಗಿತ್ತು ಎಂದೂ ಒಪ್ಪಬೇಕಾಗುತ್ತದೆ.

ಕರಾವಳಿ ವಕೀಲ: ಇತಿಹಾಸಪ್ರಿಯೆ ಮೇಡಂ, ಎಲ್ಲವೂ ಸೋತಿತು ಎಂಬ ಚಿತ್ರ ಪೂರ್ತಿ ಸರಿಯಲ್ಲ. ಇನ್ನೊಬ್ಬ ಪ್ರತಿಗಾಮಿ ಚಿಂತಕ ಬೊನಾಲ್ಡ್ ಮುಂದಿಟ್ಟ ವಿಚ್ಛೇದನ ರದ್ದತಿ 1816ರ ಮೇ 8ರಂದು ಕಾನೂನಾಯಿತು. ಕುಟುಂಬವೂ ಒಂದು ರಾಜ್ಯ, ತಂದೆ ಅಧಿಕಾರ, ತಾಯಿ ಮಂತ್ರಿ, ಮಕ್ಕಳು ಪ್ರಜೆ, ವಿಚ್ಛೇದನ ಎಂದರೆ ಮನೆಯೊಳಗಿನ ಪ್ರಜಾಪ್ರಭುತ್ವ: ಇದು ಅವನ ಸಿದ್ಧಾಂತ. 1830ರ ಕ್ರಾಂತಿ, 1848ರ ಕ್ರಾಂತಿ, ಎರಡನೇ ಸಾಮ್ರಾಜ್ಯ ಎಲ್ಲ ದಾಟಿ ಆ ರದ್ದತಿ 1884ರ ತನಕ ಉಳಿಯಿತು. 68 ವರ್ಷ. ಹೊಡೆತ ತಿನ್ನುವವರ ಕೈಯಲ್ಲಿ ಮತವೂ ಇಲ್ಲ, ಸಾಲಪತ್ರವೂ ಇಲ್ಲ ಎಂದಾದರೆ ಪ್ರತಿಗಾಮಿ ಕಾನೂನು ಬಹಳ ಕಾಲ ಬಾಳುತ್ತದೆ. ಇದನ್ನು ಮರೆತರೆ ಅಪಾಯ.

ಇತಿಹಾಸಪ್ರಿಯೆ: ಈ ಮಾತಿಗೆ ಪೂರ್ಣ ಸಹಮತ. ಬೆಲೆ ತೆತ್ತವರು ಹೆಂಗಸರು.

ತುಂಗಾತೀರ: ಆದರೆ ಮೇಸ್ತ್ರ್ 1821ರಲ್ಲೇ ತೀರಿಕೊಂಡ. ರಾಜನೇ ಸನದು ಬರೆದುಕೊಟ್ಟದ್ದೂ ಅವನಿಗೆ ಹಿಡಿಸಿರಲಿಲ್ಲ. ಪ್ರತಿಕ್ರಾಂತಿ ಎಂದರೆ ತಿರುಗುಮುರುಗಾದ ಕ್ರಾಂತಿಯಲ್ಲ, ಕ್ರಾಂತಿ ಎಂಬ ರೀತಿಗೇ ವಿರುದ್ಧವಾದದ್ದು ಎಂದು ಮೊದಲೇ ಎಚ್ಚರಿಸಿದ್ದ. 1824ರಿಂದ ರಾಜನಾಗಿದ್ದ ಹತ್ತನೇ ಚಾರ್ಲ್ಸನ ಮಂತ್ರಿಗಳ ತಪ್ಪನ್ನು ಅವನ ತಲೆಗೆ ಕಟ್ಟಬೇಡಿ.

ರಾಜನೀತಿ ವಿದ್ಯಾರ್ಥಿ: ಅಲ್ಲೇ ಇದೆ ತೊಡಕು. ಹಳೆಯದು ಒಮ್ಮೆ ಮುರಿದ ಮೇಲೆ ಅದನ್ನು ಮರಳಿ ತರುವವನು ಕಾನೂನು ಬರೆಯಲೇಬೇಕು, ಬರೆದ ಕ್ಷಣ ಅವನೂ ಕ್ರಾಂತಿಕಾರನ ಕೆಲಸವನ್ನೇ ಮಾಡುತ್ತಾನೆ. ಕೈಕಟ್ಟಿ ಕೂತರೆ ಹೊಸತೇ ರೂಢಿಯಾಗುತ್ತದೆ. ಮೇಸ್ತ್ರ್ ದೈವದ ಮೇಲೆ ಭಾರ ಹಾಕಿ ಪಾರಾದ, ಮಂತ್ರಿಗಳಿಗೆ ಆ ಅನುಕೂಲ ಇರಲಿಲ್ಲ. 1830ರ ಜುಲೈ 25ರಂದು ಸಹಿ ಬಿದ್ದ ನಾಲ್ಕು ಆಜ್ಞೆಗಳನ್ನೇ ನೋಡಿ: ಪತ್ರಿಕಾ ಸ್ವಾತಂತ್ರ್ಯ ಅಮಾನತು, ಸಭೆ ವಿಸರ್ಜನೆ, ಮತದ ಅರ್ಹತೆಗೆ ವ್ಯಾಪಾರ ಪರವಾನಗಿ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು, ಹೊಸ ಚುನಾವಣೆಗೆ ಕರೆ. ಮತದಾನಕ್ಕೆ ವರ್ಷಕ್ಕೆ 300 ಫ್ರಾಂಕ್ ನೇರ ತೆರಿಗೆ ಕಟ್ಟಿರಬೇಕಿತ್ತು. ಪರವಾನಗಿ ತೆರಿಗೆ ಬಿಟ್ಟರೆ ವರ್ತಕರು, ಕಾರ್ಖಾನೆದಾರರು ಪಟ್ಟಿಯಿಂದ ಹೊರಗೆ, ಭೂಮಾಲೀಕರು ಮಾತ್ರ ಒಳಗೆ. ಆಧಾರ ಯಾವುದು? ರೂಢಿಯಲ್ಲ, ದೈವವಲ್ಲ, ರಾಜ್ಯದ ಭದ್ರತೆಗಾಗಿ ರಾಜ ಆಜ್ಞೆ ಹೊರಡಿಸಬಹುದು ಎನ್ನುವ, ಅದೇ ಲಿಖಿತ ಸನದಿನ 14ನೇ ವಿಧಿ. ಜುಲೈ 27ರಿಂದ 29ರ ಒಳಗೆ ಪ್ಯಾರಿಸ್ ಕೈತಪ್ಪಿತು, ಆಗಸ್ಟ್ 2ಕ್ಕೆ ರಾಜ ಸಿಂಹಾಸನ ಬಿಟ್ಟ.

ಕರಾವಳಿ ವಕೀಲ: ಇದಕ್ಕೆ ಸೇರಿಸಬೇಕಾದ ಒಂದು ವಿಷಯ: 1815–16ರಲ್ಲಿ ಸಭೆ ಅವರದೇ ಆಗಿದ್ದಾಗ ಈ ರಾಜನಿಷ್ಠರು ರಾಜನ ವಿರುದ್ಧ ಸಂಸತ್ತಿನ ಹಕ್ಕನ್ನು ಎತ್ತಿಹಿಡಿದಿದ್ದರು, ತೆರಿಗೆ ಮಿತಿ ಇಳಿಸಿ ಎರಡು ಹಂತದ ಚುನಾವಣೆ ಬೇಕೆಂದೂ ವಾದಿಸಿದ್ದರು. ರೈತರು ಜಮೀನ್ದಾರ, ಪಾದ್ರಿಯ ಮಾತು ಕೇಳುತ್ತಾರೆ ಎಂಬ ಎಣಿಕೆ. ಆಗಿನ ರಾಜ ಹದಿನೆಂಟನೇ ಲೂಯಿ 1816ರ ಸೆಪ್ಟೆಂಬರಿನಲ್ಲಿ ಆ ಸಭೆಯನ್ನೇ ವಿಸರ್ಜಿಸಿದ.

ತುಂಗಾತೀರ: ಒಪ್ಪುತ್ತೇನೆ, ಮರುಸ್ಥಾಪನೆಗೆ ಅವನ ಬಳಿ ವಿಧಾನ ಇರಲಿಲ್ಲ. ಆದರೂ ಬರೆದ ಹಕ್ಕು ತನ್ನಷ್ಟಕ್ಕೆ ತಾನೇ ನಡೆಯುವುದಿಲ್ಲ ಎಂಬ ಅವನ ಮಾತನ್ನು ನಾನು ಬಿಡಲಾರೆ.

ರಾಜನೀತಿ ವಿದ್ಯಾರ್ಥಿ: ಬಿಡಬೇಕಾಗಿಯೂ ಇಲ್ಲ. ಅದನ್ನು ಇಂದಿನ ಅಮೆರಿಕದ ನವಪ್ರತಿಗಾಮಿಗಳಿಗೆ ಹೇಳಿ ನೋಡಿ. ಅವರಲ್ಲೊಬ್ಬ ಬ್ಲಾಗ್ ಬರಹಗಾರ ಕರ್ಟಿಸ್ ಯಾರ್ವಿನ್ 2007ರಿಂದ ಬರೆಯುತ್ತಿರುವುದು ರಾಜ್ಯವನ್ನು ಷೇರುದಾರರ ಕಂಪನಿಯಂತೆ ನಡೆಸಿ, ಮೇಲೊಬ್ಬ ಸಿಇಒ ಕೂರಿಸಿ ಎಂದು. ಕಾಗದದ ಮೇಲೆ ಮೊದಲಿಂದ ಬಿಡಿಸಿದ ನಕ್ಷೆ ಅದು, ಮೇಸ್ತ್ರ್ 1795ರವರ ಮೇಲೆ ಹೊರಿಸಿದ ಆರೋಪ ಅಕ್ಷರಶಃ ಅದಕ್ಕೂ ಹೊಂದುತ್ತದೆ.