ಫ್ರೆಂಡ್ಸ್ ಜೊತೆ ಸಿಟಿಯಲ್ಲೇ ಒಂದಿಡೀ ದಿನ, ಸುಸ್ತಾಗ್ದಂಗೆ ಹೇಗೆ ಪ್ಲಾನ್ ಮಾಡೋದು?

ಪ್ರಶ್ನೆ:
ಈ ಶನಿವಾರ ನಾವು ಆರು ಜನ ಹಳೇ ಫ್ರೆಂಡ್ಸ್ ತುಂಬಾ ದಿನ ಆದ್ಮೇಲೆ ಸೇರ್ತಿದೀವಿ. ಎಲ್ಲೂ ದೂರ ಹೋಗಲ್ಲ, ಸಿಟಿ ಒಳಗೇ. ಗ್ರೂಪಲ್ಲಿ ಆಗ್ಲೇ ಮ್ಯೂಸಿಯಂ, ಪಾರ್ಕ್, ಶಾಪಿಂಗ್, ಸಿನಿಮಾ ಅಂತ ಲಿಸ್ಟ್ ಬೆಳೀತಾನೇ ಇದೆ, ನಂಗೆ ಬೇಕಿರೋದು ಕೂತು ಮನಸಾರೆ ಮಾತಾಡೋಕೆ ಟೈಮು, ಒಬ್ಬಳಿಗೆ ಮಂಡಿನೋವು ಬೇರೆ. ಯಾರಿಗೂ ಬೇಜಾರಾಗ್ದಂಗೆ ಏನ್ಮಾಡ್ಬೋದು?

ಉತ್ತರ 1:
ಎರಡೇ ಜಾಗ ಇಟ್ಕೊಳ್ಳಿ, ಬೆಳಿಗ್ಗೆಗೊಂದು ಸಂಜೆಗೊಂದು, ಎರಡೂ ಹತ್ತಿರ ಇರ್ಲಿ. ಮ್ಯಾಪಲ್ಲಿ 20 ನಿಮಿಷ ಅಂತ ತೋರ್ಸೋದು ಎಲ್ಲೂ ನಿಲ್ದೆ ನಡೆದ್ರೆ, ಆರು ಜನ ಅಂದ್ಮೇಲೆ ಒಬ್ರು ಫೋಟೋಗೆ ನಿಲ್ತಾರೆ, ಒಬ್ರಿಗೆ ಫೋನ್ ಬರತ್ತೆ, ಇನ್ನೊಬ್ರು ಯಾವ್ದೋ ಅಂಗಡಿ ಮುಂದೆ ಇರ್ತಾರೆ, ಅರ್ಧ ಗಂಟೆ ದಾಟತ್ತೆ. ದಾಟ್ಲಿ ಬಿಡಿ, ಪಕ್ಕಪಕ್ಕ ನಡೀತಾ ಇರ್ವಾಗ್ಲೇ ಎದುರು ಕೂತು ಹೇಳೋಕಾಗ್ದೇ ಇರೋದೆಲ್ಲ ಬಾಯಿಗೆ ಬರೋದು.

ಉತ್ತರ 2:
ಮ್ಯೂಸಿಯಂ ಇದ್ರೆ ಬೆಳಿಗ್ಗೇನೇ ಇಟ್ಕೊಳ್ಳಿ, ಎಲ್ಲಾ ಗ್ಯಾಲರಿ ನೋಡ್ಲೇಬೇಕು ಅಂತ ಹಠ ಬೇಡ. ಮ್ಯೂಸಿಯಂ ಸುಸ್ತು ಅನ್ನೋದು ಹಳೇ ವಿಷ್ಯ, ಬೋಸ್ಟನ್ ಮ್ಯೂಸಿಯಂನ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ಅದ್ರ ಬಗ್ಗೆ ಬರೆದಿದ್ರು, ಶೋಕೇಸ್ ಒಳಗಿರೋದನ್ನ ನೋಡೋಕೆ ಜನ ಹೆಂಗೆಲ್ಲ ಬಗ್ಗಬೇಕಾಗತ್ತೆ ಅಂತ ಫೋಟೋ ಸಮೇತ ತೋರಿಸಿ. ನಡೀವಾಗ ಮೀನಖಂಡ ರಕ್ತಾನ ಮೇಲಕ್ಕೆ ತಳ್ತಾ ಇರತ್ತೆ, ನಿಂತಲ್ಲೇ ನಿಂತ್ರೆ ಆ ಕೆಲಸ ಕಮ್ಮಿಯಾಗಿ ಕಾಲು ಭಾರ ಆಗತ್ತೆ. ಲಿಫ್ಟ್ ಎಲ್ಲಿದೆ, ಕೂರೋಕೆ ಬೆಂಚ್ ಇದ್ಯಾ ಅಂತ ಮೊದ್ಲೇ ಕೇಳ್ಕೊಳ್ಳಿ. ಮಂಡಿನೋವಿರೋರ ಸ್ಪೀಡಲ್ಲೇ ಎಲ್ರೂ ನಡೀರಿ, "ನೀನಿಲ್ಲೇ ಕೂತಿರು, ನಾವ್ ನೋಡ್ಕೊಂಡು ಬರ್ತೀವಿ" ಅನ್ನೋದೊಂದು ಮಾತ್ರ ಬೇಡ, ನಿಜವಾಗ್ಲೂ ನೋವಾಗತ್ತೆ.

ಪ್ರಶ್ನೆ ಕೇಳಿದವಳು:
ತುಂಬಾ ಥ್ಯಾಂಕ್ಸ್, ಲಿಫ್ಟ್ ವಿಷ್ಯ ಹೊಳೆದೇ ಇರ್ಲಿಲ್ಲ. ಮಧ್ಯಾಹ್ನ ಬಿಸಿಲು ಅಂತ ಸಿನಿಮಾ ಹಾಕಿದಾರೆ, ಅದನ್ನ ಬಿಡೋದಾ?

ಉತ್ತರ 3:
ಬಿಡಿ. ಅಪರೂಪಕ್ಕೆ ಸೇರಿ ಕತ್ತಲಲ್ಲಿ ಮಾತಿಲ್ದೆ ಕೂರೋದ್ಯಾಕೆ. ಸೂರ್ಯ ನೆತ್ತಿ ಮೇಲೆ ಬರೋದು ಮಧ್ಯಾಹ್ನವೇ ಆದ್ರೂ ನೆಲ ಕಾದು ಸೆಕೆ ಜೋರಾಗೋದು ಸಾಮಾನ್ಯವಾಗಿ ಆಮೇಲೆ, 2-3 ಗಂಟೆ ಮೇಲೆ, ಆ ಹೊತ್ತಲ್ಲಿ ಊಟ ಮಾಡ್ಕೊಂಡು ನೆರಳಲ್ಲೇ ಹರಟೆ ಹೊಡೀರಿ, ಪಾರ್ಕಿಗೆ ಬಿಸಿಲು ಇಳಿದ್ಮೇಲೆ ಹೋಗಿ. ಲೇಟಾಗಿ ಬರೋರು ನೇರ ಆ ಊಟದ ಜಾಗಕ್ಕೇ ಬರ್ಲಿ, ಲೊಕೇಶನ್ ಹಿಂದಿನ ರಾತ್ರೀನೇ ಗ್ರೂಪಲ್ಲಿ ಹಾಕ್ಬಿಡಿ, ಇಲ್ಲಾಂದ್ರೆ ಐದು ಜನ ಬೆಳಿಗ್ಗೆಯೆಲ್ಲ ರಸ್ತೆ ಬದಿ ನಿಂತು ಕಾಯ್ಬೇಕಾಗತ್ತೆ.